ಬಿಳಿ ಸೀರೆ, ಹಳೇ ವಾಡೆ: ಕಪ್ಪು-ಬಿಳುಪು ದೆವ್ವದ ಮನೆಗಳು ಇನ್ನೂ ಯಾಕೆ ಕರೀತಾವೆ?

  ನಾನು ಮಾತಾಡ್ತಿರೋದು ಗುರುಮಠಕಲ್‌ನಿಂದ. ಇವತ್ತಿನ ವಿಷಯ ದೆವ್ವ. ಅಂದ್ರೆ ದೆವ್ವ ಇದೆಯೋ ಇಲ್ಲವೋ ಅನ್ನೋ ಜಗಳ ಅಲ್ಲ. ಹಳೇ ಕಪ್ಪು-ಬಿಳುಪು ಸಿನಿಮಾದಲ್ಲಿ ಒಂದು ದೊಡ್ಡ ಮನೆ ಇರ್ತದಲ್ಲ, ಮಳೆ, ಗಾಳಿ, ತೂಗಾಡೋ ದೀಪ, ದೂರದಲ್ಲಿ ಹಾಡ್ತಾ ಹೋಗೋ ಬಿಳಿ ಸೀರೆಯ ಹೆಂಗಸು. ಆ ಮನೆಯ ಚರಿತ್ರೆ. ಮೊದಲೇ ಹೇಳಿಬಿಡ್ತೀನಿ, ನಾಲ್ಕೈದು ಸಿನಿಮಾಗಳ ಗುಟ್ಟು ರಟ್ಟಾಗ್ತದೆ. ಅರವತ್ತು ವರ್ಷ ದಾಟಿದ ಸಿನಿಮಾಗಳು, ತಪ್ಪು ತಿಳೀಬೇಡಿ.

ಒಂದು ವಿಚಿತ್ರ ಸಂಗತಿಯಿಂದ ಶುರು ಮಾಡೋಣ. ನಮ್ಮ ಭಾಗದ ದೆವ್ವಗಳು ಮನೆಯಲ್ಲಿ ಇರ್ತಿರಲಿಲ್ಲ. ನಿಮ್ಮ ಮುತ್ಯಾನನ್ನೋ ಆಯಿಯನ್ನೋ ಕೇಳಿ ನೋಡಿ. ದೆವ್ವ ಎಲ್ಲಿರ್ತದ ಅಂದ್ರೆ ಹುಣಸಿ ಗಿಡದಾಗ, ಹಾಳು ಬಾವ್ಯಾಗ, ಹಳ್ಳದ ದಂಡ್ಯಾಗ ಅಂತಾರೆ. ಅಮಾಸಿ ರಾತ್ರಿ ಹೊಲದ ಮೇಲೆ ಬೆಂಕಿ ಹಿಡ್ಕೊಂಡು ಓಡೋ ಕೊಳ್ಳಿ ದೆವ್ವ ಅಂತಾರೆ. ಊರ ಹೊರಗೆ ಅದರ ಜಾಗ. ಒಳಗೆ ಬಂದ್ರೂ ಮನೆಯೊಳಗಲ್ಲ, ಮೈಯೊಳಗೆ. "ಗಾಳಿ ಬಡದದ" ಅಂತಾರೆ, ಗಾಣಗಾಪುರಕ್ಕೆ ಕರ್ಕೊಂಡು ಹೋಗ್ತಾರೆ. ಅಂದ್ರೆ ನಮ್ಮ ಹಳೇ ಕಲ್ಪನೆಯಲ್ಲಿ ಮನೆ ಅನ್ನೋದು ದೆವ್ವದಿಂದ ಕಾಪಾಡೋ ಜಾಗ. ತಲಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟೋದು ಅದಕ್ಕೇ.

ಹಾಗಿದ್ರೆ ದೆವ್ವ ಬಾಗಿಲು ದಾಟಿ ಒಳಗೆ ಬಂದು, ಮೆಟ್ಟಿಲು ಹತ್ತಿ, ಕೋಣೆ ಹಿಡ್ಕೊಂಡು ಕೂತದ್ದು ಯಾವಾಗ? ನನ್ನ ಲೆಕ್ಕದಲ್ಲಿ ಅದನ್ನು ಒಳಗೆ ಕರ್ಕೊಂಡು ಬಂದದ್ದು ಸಿನಿಮಾ.

ಸಿನಿಮಾಕ್ಕಿಂತ ಮೊದಲಿನ ಒಂದು ಕಥೆ ಹೇಳಲೇಬೇಕು, ಯಾಕಂದ್ರೆ ಅದು ನಮ್ಮ ಪಕ್ಕದಲ್ಲೇ ನಡೆದದ್ದು. ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿರ್ತೀರಿ. ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದವನು. ಠಕ್ಕರ ಮೇಲೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. ಅವನು ಸತ್ತ ಮರುವರ್ಷ, 1877ರಲ್ಲಿ, ಅವನ ಆತ್ಮಕಥೆ ಹೊರಬಂತು. ಅದರಲ್ಲಿ ಒಂದು ರಾತ್ರಿಯ ಪ್ರಸಂಗ ಇದೆ. ಯಾವ ವರ್ಷ ಅನ್ನೋದನ್ನು ಬೇಕಂತಲೇ ಹೇಳೋದಿಲ್ಲ ಅಂತ ಅವನೇ ಬರೀತಾನೆ. ಹೈದರಾಬಾದ್ ಕಡೆ ಹೊರಟಿದ್ದ. ಮಖ್ತಲ್‌ನಿಂದ ಮಧ್ಯಾಹ್ನ ಬಿಟ್ಟು, ಸಂಜೆಯೆಲ್ಲ ನಡೆದು, ಒಂದು ಹಳ್ಳಿಯಲ್ಲಿ ಡೇರೆ ಹಾಕಿದ. ಮಖ್ತಲ್ ಎಲ್ಲಿ ಅಂತೀರಾ? ನಮ್ಮೂರಿಂದ ನಾರಾಯಣಪೇಟೆ ದಾಟಿದ್ರೆ ಬಂತು. ಸೆಕೆ. ನಾಯಿ ಬೊಗಳೋದು, ನರಿ ಊಳಿಡೋದು. ನಿದ್ದೆ ಇಲ್ಲ. ಡೇರೆಯ ಬಾಗಿಲು ತೆರೆದೇ ಇತ್ತು, ಹೊರಗೆ ಬೆಳದಿಂಗಳು. ಅಲ್ಲಿ ಒಂದು ಹೆಣ್ಣು ನಿಂತಿದ್ದಳು. ಇಂಗ್ಲೆಂಡಿನಲ್ಲಿ ತಾರುಣ್ಯದಲ್ಲಿ ಪ್ರೀತಿಸಿ, ರಜೆ ಸಿಗದೆ ಆಸೆ ಬಿಟ್ಟಿದ್ದ ಹುಡುಗಿ. ಬಿಳಿ ಉಡುಪು, ತುಂಬಾ ಲೇಸು, ಬೆಳದಿಂಗಳಲ್ಲಿ ಮಿನುಗ್ತಿತ್ತು. ಕೈ ಚಾಚಿ, ತನ್ನನ್ನು ಬಿಟ್ಟುಕೊಡಬೇಡ ಅಂತ ಬೇಡ್ತಿದ್ದಳು. ಇವನು ಬರಿಗಾಲಲ್ಲಿ ಓಡಿದ. ಅವಳು ಹಿಂದೆ ಹಿಂದೆ ಸರೀತಾ ಮಸುಕಾದಳು. ಕಾವಲುಗಾರ ಬೆರಗಾಗಿ ನೋಡ್ತಾ ನಿಂತಿದ್ದ. ಟೇಲರ್ ತನ್ನ ತಂದೆಗೆ ಕಾಗದ ಬರೆದ. ಬಂದ ಉತ್ತರ: ಅದೇ ದಿನ ಆಕೆಯ ಮದುವೆ ಆಯ್ತು.

ನೋಡಿ, ಈ ಕಥೆಯಲ್ಲಿ ಯಾರೂ ಸತ್ತಿಲ್ಲ. ಆ ಬಿಳಿ ಬಟ್ಟೆ ಮದುವೆಯ ಬಟ್ಟೆ ಇರಬೇಕು. ಇಂಗ್ಲಿಷರ ಕಣ್ಣಿಗೆ ಬಿಳಿ ಅಂದ್ರೆ ಮದುಮಗಳು. ಅದೇ ಬಿಳಿ ನಮ್ಮ ಕಣ್ಣಿಗೆ ಏನು? ಈ ಪ್ರಶ್ನೆ ಸ್ವಲ್ಪ ಹಾಗೇ ಇರಲಿ, ಆಮೇಲೆ ಬರ್ತೀನಿ.

ಈಗ 1949ಕ್ಕೆ ಬರೋಣ. ಬಾಂಬೆ ಟಾಕೀಸ್ 'ಮಹಲ್' ಅಂತ ಒಂದು ಸಿನಿಮಾ ಬಿಡುಗಡೆ ಮಾಡ್ತು. ಕಮಾಲ್ ಅಮ್ರೋಹಿ ನಿರ್ದೇಶಿಸಿದ ಮೊದಲ ಚಿತ್ರ. ಅಶೋಕ್ ಕುಮಾರ್, ಮಧುಬಾಲಾ. ನಾಯಕ ಒಂದು ಹಳೇ ಮಹಲಿಗೆ ಬರ್ತಾನೆ. ಗೋಡೆಯ ಮೇಲೆ ಆ ಮನೆ ಕಟ್ಟಿಸಿದವನ ಚಿತ್ರ, ಮುಖ ತನ್ನದೇ. ಹಿಂದಿನ ಯಜಮಾನ ನದಿಯಲ್ಲಿ ಮುಳುಗಿದ, ಅವನ ಪ್ರಿಯತಮೆ ಕಾಮಿನಿ ಇನ್ನೂ ಕಾಯ್ತಿದ್ದಾಳೆ ಅಂತ ತೋಟದ ಮಾಲಿ ಕಥೆ ಹೇಳ್ತಾನೆ. ಅಷ್ಟರಲ್ಲಿ ಹಾಡು ಕೇಳಿಸ್ತದೆ. ಆ ಹಾಡು ದೂರದಿಂದ ಹತ್ತಿರ ಬರೋ ಹಾಗೆ ಕೇಳ್ಬೇಕು ಅಂತ, ಆಗಿನ್ನೂ ಇಪ್ಪತ್ತರ ಹುಡುಗಿ ಲತಾ ಮಂಗೇಶ್ಕರ್‌ರನ್ನು ಕೋಣೆಯ ಮೂಲೆಯಿಂದ ಹಾಡ್ತಾ ಹಾಡ್ತಾ ಮೈಕ್ ಕಡೆ ನಡೆಸಿದ್ರು. ಲತಾ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಇವತ್ತು ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದ್ರೆ ಸಿಗೋ ಎಫೆಕ್ಟ್, ಅವತ್ತು ಕಾಲಿನಿಂದ ಮಾಡಿದ್ದು. ಇನ್ನೊಂದು ಮಜಾ ಏನಂದ್ರೆ, ಮೊದಲು ಬಂದ ರೆಕಾರ್ಡ್ ತಟ್ಟೆಯ ಮೇಲೆ ಗಾಯಕಿಯ ಹೆಸರು 'ಕಾಮಿನಿ' ಅಂತ ಇತ್ತು. ಪಾತ್ರದ ಹೆಸರು! ಹಾಡಿದವಳು ಯಾರು ಅಂತ ಜನ ರೇಡಿಯೋಗೆ ಕೇಳಿ ಕೇಳಿ ತಿಳ್ಕೊಬೇಕಾಯ್ತು. ದನಿ ಇದೆ, ಆಳು ಕಾಣೋದಿಲ್ಲ.

ಆ ಮಹಲಿಗೆ ಬೆಳಕು ಕೊಟ್ಟವರು ಜೋಸೆಫ್ ವಿರ್ಶಿಂಗ್, ಜರ್ಮನಿಯ ಛಾಯಾಗ್ರಾಹಕ. 1925ರ 'ದಿ ಲೈಟ್ ಆಫ್ ಏಷ್ಯಾ'ಗೆ ಅಂತ ಮ್ಯೂನಿಕ್‌ನಿಂದ ಭಾರತಕ್ಕೆ ಬಂದವರು. ಆಮೇಲೆ ಬಾಂಬೆ ಟಾಕೀಸ್ ಸೇರಿದ್ರು. ಎರಡನೇ ಮಹಾಯುದ್ಧ ಬಂದಾಗ ಜರ್ಮನ್ ಪ್ರಜೆ ಅಂತ ಬ್ರಿಟಿಷರು ಅವರನ್ನು ಶಿಬಿರದಲ್ಲಿ ಕೂಡಿಹಾಕಿದ್ರು. ಯುದ್ಧ ಮುಗಿದ ಮೇಲೆ ಮತ್ತೆ ಕ್ಯಾಮೆರಾ ಹಿಡಿದು ಮಾಡಿದ ಕೆಲಸ ಇದು. 1920ರ ದಶಕದ ಜರ್ಮನ್ ಸಿನಿಮಾದ ನೆರಳುಗಳಿವೆಯಲ್ಲ, ಗೋಡೆ ಮೇಲೆ ಮನುಷ್ಯನಿಗಿಂತ ದೊಡ್ಡದಾಗಿ ಬೀಳೋ ನೆರಳು, ಅವು ಹೀಗೆ ನಮ್ಮ ಹಿಂದಿ ಹವೇಲಿಗೆ ಬಂದವು. ಬಾಂಬೆ ಟಾಕೀಸ್ ಅಂದ್ಕೂಡಲೇ ನೆನಪಾಗೋ ದೇವಿಕಾ ರಾಣಿ ಅಷ್ಟೊತ್ತಿಗೆ ಕಂಪನಿ ಬಿಟ್ಟಾಗಿತ್ತು. ಆಮೇಲೆ ರೋರಿಕ್ ಅವರ ಜೊತೆ ಬೆಂಗಳೂರು ಹತ್ತಿರದ ತಾತಗುಣಿ ಎಸ್ಟೇಟಿನಲ್ಲಿ ಬದುಕಿದ್ರು, 1994ರಲ್ಲಿ ತೀರಿಕೊಂಡ್ರು. ಅವರ ನಂತರ ಆ ಎಸ್ಟೇಟ್ ವರ್ಷಗಟ್ಟಲೆ ಕೋರ್ಟಿನಲ್ಲಿತ್ತು. ಒಡತಿ ಇಲ್ಲದ ದೊಡ್ಡ ತೋಟ, ಬೀಗ, ವ್ಯಾಜ್ಯ. ಯಾರಾದ್ರೂ ಸಿನಿಮಾ ಮಾಡಬಹುದು.

ಈ ನೆರಳು-ಬೆಳಕು ನಮ್ಮ ಕಡೆಯವರಿಗೆ ಹೊಸದಾಗಿ ಕಾಣಲಿಲ್ಲ ಅನ್ನೋದು ನನ್ನ ಅನಿಸಿಕೆ. ಮಾಳಿಗಿ ಮನೆಯಲ್ಲಿ ಬೆಳೆದವರಿಗೆ ಗೊತ್ತು. ದಪ್ಪ ಗೋಡೆ, ಸಣ್ಣ ಕಿಟಕಿ. ನಡುಮನೆಯಲ್ಲಿ ಹಾಡಹಗಲೇ ಕತ್ತಲೆ. ಮೇಲಿನ ಬೆಳಕಿಂಡಿಯಿಂದ ಒಂದೇ ಒಂದು ಬೆಳಕಿನ ಕೋಲು ನೆಲದ ಪರಸಿ ಕಲ್ಲಿನ ಮೇಲೆ ಬೀಳ್ತದೆ, ಅದರಲ್ಲಿ ಧೂಳು ತೇಲ್ತದೆ. ಆ ಬೆಳಕನ್ನು ದಾಟಿ ಯಾರಾದ್ರೂ ಹೋದ್ರೆ ಒಂದು ಕ್ಷಣ ಕಾಣ್ತಾರೆ, ಮತ್ತೆ ಇಲ್ಲ. ಮ್ಯೂನಿಕ್‌ನವರು ಲೈಟು ಕಟ್ಟಿ ಮಾಡಿದ್ದನ್ನು ನಮ್ಮ ಮನೆ ಸುಮ್ಮನೆ ಮಾಡ್ತಿತ್ತು. ಕಲರ್ ಸಿನಿಮಾದಲ್ಲಿ ಗೋಡೆಯ ಬಣ್ಣ, ಪರದೆಯ ಬಣ್ಣ, ಸೋಫಾ, ಎಲ್ಲ ಕಾಣ್ತದೆ. ಎಲ್ಲ ಕಂಡ ಮೇಲೆ ಹೆದರಿಕೆ ಎಲ್ಲಿ? ಕಪ್ಪು-ಬಿಳುಪಿನಲ್ಲಿ ಅರ್ಧ ಮನೆಯನ್ನು ನೀವೇ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳೋವಾಗ ನಿಮ್ಮ ಮನೆಯನ್ನೇ ಕಟ್ಟಿಕೊಳ್ತೀರಿ.

ಆದ್ರೆ ಬರೀ ಬೆಳಕಿನ ಆಟ ಆಗಿದ್ರೆ ಈ ಸಿನಿಮಾಗಳು ಇಷ್ಟು ದಿನ ಉಳೀತಿರಲಿಲ್ಲ. ಆ ಮನೆಗಳು ಯಾರವು, ನೋಡಿ.

'ಮಧುಮತಿ', 1958. ಬಿಮಲ್ ರಾಯ್ ನಿರ್ದೇಶನ, ಕಥೆ ಋತ್ವಿಕ್ ಘಟಕ್‌ರದ್ದು. ಮಳೆಯ ರಾತ್ರಿ ಹಳೇ ಬಂಗಲೆಗೆ ಬಂದ ದಿಲೀಪ್ ಕುಮಾರ್‌ಗೆ ಹೋದ ಜನ್ಮ ನೆನಪಾಗ್ತದೆ. ಆ ಮನೆ ಉಗ್ರನಾರಾಯಣ ಅನ್ನೋ ಜಮೀನ್ದಾರನದು. ಅವನ ಕೈಯಿಂದ ತಪ್ಪಿಸಿಕೊಳ್ಳೋಕೆ ಮಧುಮತಿ ಮಹಡಿಯಿಂದ ಹಾರಿ ಸತ್ತಳು. 'ಬೀಸ್ ಸಾಲ್ ಬಾದ್', 1962, ಬೀರೇನ್ ನಾಗ್. ಠಾಕೂರರ ಹವೇಲಿ. ಹಿಂದೊಬ್ಬ ಠಾಕೂರ ಹಳ್ಳಿಯ ಹುಡುಗಿಯ ಮೇಲೆ ಮಾಡಿದ ಅತ್ಯಾಚಾರಕ್ಕೆ ವಂಶದವರು ಒಬ್ಬೊಬ್ಬರಾಗಿ ಸಾಯ್ತಾರೆ. ಷರ್ಲಾಕ್ ಹೋಮ್ಸ್‌ನ ನಾಯಿಯ ಕಥೆಯನ್ನು ತಂದು ಇಲ್ಲಿ ಹೂಡಿದ್ದು, ಆದ್ರೆ ನಾಯಿಯ ಜಾಗಕ್ಕೆ ಹೆಣ್ಣಿನ ಗೆಜ್ಜೆ ಬಂತು. 'ವೋ ಕೌನ್ ಥೀ', 1964, ರಾಜ್ ಖೋಸ್ಲಾ. ಮಳೆಯಲ್ಲಿ ರಸ್ತೆ ನಡುವೆ ನಿಂತ ಸಾಧನಾ, ಕಾರಿನ ವೈಪರ್ ನಿಲ್ತದೆ, ಮುಂದಿನ ದಾರಿ ಅವಳಿಗೆ ಮಾತ್ರ ಕಾಣ್ತದೆ. ಕೊನೆಗೆ ನೋಡಿದ್ರೆ ಎಲ್ಲ ಆಸ್ತಿಗಾಗಿ ಹೂಡಿದ ಸಂಚು. ಇದನ್ನೇ 1966ರಲ್ಲಿ ತಮಿಳಿನಲ್ಲಿ 'ಯಾರ್ ನೀ?', ತೆಲುಗಿನಲ್ಲಿ 'ಆಮೆ ಎವರು?' ಅಂತ ಮಾಡಿದ್ರು, ಎರಡರಲ್ಲೂ ಜಯಲಲಿತಾ. ಗುರುಮಠಕಲ್ ಅಂದ್ರೆ ಗಡಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಚಹಾದಂಗಡಿಯಲ್ಲಿ ದಖನಿ. ನಮ್ಮ ಹಿರಿಯರಿಗೆ ದೆವ್ವ ಮೂರು ಭಾಷೆಯಲ್ಲಿ ಸಿಕ್ಕಿತು.

ಜಮೀನ್ದಾರ, ಠಾಕೂರ, ಆಸ್ತಿ. ಪ್ರತಿ ಸಲ ಅದೇ. ಈಗ ಇಸವಿ ನೋಡಿ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರ್ತು. ಮರುವರ್ಷ, 1949ರಲ್ಲಿ, ಸಂಸ್ಥಾನದ ಜಹಗೀರುಗಳನ್ನು ರದ್ದು ಮಾಡಿದ ಕಾನೂನು ಬಂತು. 'ಮಹಲ್' ತೆರೆ ಕಂಡದ್ದೂ ಅದೇ ವರ್ಷ. ಕಮಾಲ್ ಅಮ್ರೋಹಿ ನಮ್ಮ ಜಹಗೀರುಗಳನ್ನು ನೆನೆದು ಸಿನಿಮಾ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ದೇಶದ ತುಂಬಾ ಜಮೀನ್ದಾರಿ ಹೋಗ್ತಿದ್ದ ಹತ್ತು ವರ್ಷದಲ್ಲೇ ತೆರೆಯ ಮೇಲೆ ಒಡೆಯ ಇಲ್ಲದ ದೊಡ್ಡ ಮನೆಗಳು ಸಾಲುಗಟ್ಟಿ ಬಂದವು ಅನ್ನೋದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸೋದಿಲ್ಲ. ನಮ್ಮ ಕಡೆ ಇಂಥ ಮನೆಗೆ ವಾಡೆ ಅಂತೀವಿ. ಯಜಮಾನಿಕೆ ಹೋಗಿರ್ತದೆ, ಮಕ್ಕಳು ಹೈದರಾಬಾದ್ ಸೇರಿರ್ತಾರೆ, ಭಾಗ ಆಗದೆ ಬೀಗ ಬಿದ್ದಿರ್ತದೆ. ಒಳಗೆ ಯಾರ ಕೂಗು ಉಳಿದಿರಬಹುದು ಅಂತ ಊರಿಗೆ ಗೊತ್ತಿರ್ತದೆ. ಬಾಯಿ ಬಿಟ್ಟು ಹೇಳೋದಿಲ್ಲ. "ಆ ಮನ್ಯಾಗ ದೆವ್ವ ಅದ" ಅಂತ ಹೇಳ್ತಾರೆ, ಮಾತು ಅಲ್ಲಿಗೇ ಮುಗೀತು.

ಅಮೆರಿಕದ ದೆವ್ವದ ಮನೆಗಳು ಬೇರೆ ಥರ. 1959ರ 'ಹೌಸ್ ಆನ್ ಹಾಂಟೆಡ್ ಹಿಲ್'ನಲ್ಲಿ ಶ್ರೀಮಂತನೊಬ್ಬ ರಾತ್ರಿ ಕಳೆದವರಿಗೆ ದುಡ್ಡು ಕೊಡ್ತೀನಿ ಅಂತಾನೆ. ನಿರ್ದೇಶಕ ವಿಲಿಯಂ ಕ್ಯಾಸಲ್ ಥಿಯೇಟರಿನಲ್ಲಿ ಪ್ರೇಕ್ಷಕರ ತಲೆ ಮೇಲೆ ತಂತಿಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ಹಾರಿಸಿದ್ದ. ಅದು ಜಾತ್ರೆ. 1963ರ 'ದಿ ಹಾಂಟಿಂಗ್' ಇದಕ್ಕೆ ಪೂರ್ತಿ ಉಲ್ಟಾ, ದೆವ್ವವನ್ನು ಒಮ್ಮೆಯೂ ತೋರಿಸೋದಿಲ್ಲ, ಮುಚ್ಚಿದ ಬಾಗಿಲು ಉಸಿರಾಡಿದ ಹಾಗೆ ಉಬ್ಬೋದನ್ನು ತೋರಿಸ್ತದೆ ಅಷ್ಟೇ. ನನಗೆ ಆ ಬಾಗಿಲು ಎಲ್ಲಾ ದೆವ್ವಗಳಿಗಿಂತ ಹೆಚ್ಚು.

ನಮ್ಮ ಊರುಕೇರಿಗೆ ಇವೆಲ್ಲ ಬಂದದ್ದು ಹೇಗೆ? ಮೊದಲು ಟೂರಿಂಗ್ ಟಾಕೀಸು. ಆಮೇಲೆ ಟಿವಿ. ನಿಮಗೆ ಆಶ್ಚರ್ಯ ಆಗಬಹುದು, ದೇಶದ ಎಷ್ಟೋ ದೊಡ್ಡ ಊರುಗಳಿಗಿಂತ ಮೊದಲು ಟಿವಿ ನೋಡಿದ್ದು ನಮ್ಮ ಭಾಗದ ಹಳ್ಳಿಗಳು. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಅನ್ನೋ ಉಪಗ್ರಹ ಪ್ರಯೋಗ ನಡೀತು. ಆರು ರಾಜ್ಯಗಳ 2,400 ಹಳ್ಳಿಗಳು, ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆ. ಗುರುಮಠಕಲ್ ಆಗ ಗುಲ್ಬರ್ಗಾ ಜಿಲ್ಲೆಯೇ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಬರ್ತಿತ್ತು, ದೆವ್ವ ಅಲ್ಲ. ಆದ್ರೆ ಪರದೆ ಅನ್ನೋದು ಕಪ್ಪು-ಬಿಳುಪು ಅಂತ ಕಣ್ಣಿಗೆ ರೂಢಿ ಆಯ್ತು. ನಾನು ಚಿಕ್ಕವನಿದ್ದಾಗ ಓಣಿಯಲ್ಲಿದ್ದ ಟಿವಿಯೂ ಕಪ್ಪು-ಬಿಳುಪೇ. ಕಲರ್ ಸಿನಿಮಾ ಅದರಲ್ಲಿ ಬಡವಾಗಿ ಕಾಣ್ತಿತ್ತು. 'ಮಧುಮತಿ' ಮಾತ್ರ ಒಂದು ಗುಂಜಿಯೂ ಕಮ್ಮಿ ಆಗಲಿಲ್ಲ.

ಈಗ ಆ ಬಿಳಿ ಬಟ್ಟೆಯ ಪ್ರಶ್ನೆ. ಛಾಯಾಗ್ರಾಹಕನಿಗೆ ಬಿಳಿ ಸೀರೆ ಅಂದ್ರೆ ಅನುಕೂಲ. ಕತ್ತಲಲ್ಲಿ ಸಿಕ್ಕಷ್ಟು ಬೆಳಕನ್ನೆಲ್ಲ ಅದು ಹಿಡಿದು ವಾಪಸ್ ಕೊಡ್ತದೆ. ನಮ್ಮ ಓಣಿಯಲ್ಲಿ ಬಿಳಿ ಸೀರೆ ಅಂದ್ರೆ ಗಂಡ ಸತ್ತವಳು. ಒಬ್ಬ ಆಯಿ ಇದ್ದಳು, ಹೆಸರು ಬೇಡ. ಸಂಜೆ ಹೊತ್ತು ಚಿಮಣಿ ದೀಪ ಹಿಡ್ಕೊಂಡು ಹಿತ್ತಲಿಗೆ ಹೋಗೋಳು. ಗಣಪತಿ ಹಬ್ಬಕ್ಕೆ ಬಾಡಿಗೆ ವಿಡಿಯೋ ತಂದು ರಾತ್ರಿಯೆಲ್ಲ ಸಿನಿಮಾ ಹಾಕಿದ ವರ್ಷ, ಅದರಲ್ಲಿ 'ಬೀಸ್ ಸಾಲ್ ಬಾದ್' ಬಂದಿತ್ತು. ಮರುದಿನದಿಂದ ಹುಡುಗರು ಆ ಆಯಿಯನ್ನು ಕಂಡ್ರೆ ಆ ಹಾಡು ಗುನುಗಿ ಓಡೋದು ಶುರು ಮಾಡಿದ್ರು. ಮೊದಲು ನಕ್ಕಳು. ಆಮೇಲೆ ಕತ್ತಲಾದ ಮೇಲೆ ಹೊರಗೆ ಬರೋದನ್ನೇ ಬಿಟ್ಟಳು. ಮದುವೆ-ಮುಂಜಿಯಲ್ಲಿ ಹಿಂದೆ ಸರಿದು ನಿಲ್ಲೋದು ಅವಳಿಗೆ ಮೊದಲೇ ರೂಢಿ ಇತ್ತು. ಈಗ ತನ್ನ ಅಂಗಳದಲ್ಲೂ ಹಿಂದೆ ಸರಿದಳು.

ಮುಂದಿನ ವರ್ಷ 'ಮಧುಮತಿ' ಹಾಕಿದಾಗ ನಮ್ಮಮ್ಮ ಹಠ ಮಾಡಿ ಅವಳನ್ನು ಕರ್ಕೊಂಡು ಬಂದಳು. ನನ್ನ ಪಕ್ಕದಲ್ಲೇ ಕೂತಿದ್ದಳು. ಹಿಂದಿ ಪೂರ್ತಿ ತಿಳೀತೋ ಇಲ್ಲೋ, ಕಥೆ ತಿಳೀತು. ಸಿನಿಮಾ ಮುಗಿದ ಮೇಲೆ ನಮ್ಮಮ್ಮನಿಗೆ ಹೇಳಿದಳು: "ಅಲ್ಲಬೇ, ತಪ್ಪು ಮಾಡ್ದಾಂವ ಆ ಧಣಿ. ದೆವ್ವ ಆಗಿದ್ದು ಮಾತ್ರ ಆ ಹುಡುಗಿ. ಸತ್ತ ಮ್ಯಾಲೂ ಆಕಿಗೇ ತಿರುಗಾಟ ಏನು?"

ಸಿನಿಮಾ ವಿಮರ್ಶೆ ಅಂತ ನಾನು ಬಹಳ ಓದಿದ್ದೀನಿ. ಈ ಮಾತಿನ ಮುಂದೆ ನಿಲ್ಲೋದು ಕಮ್ಮಿ. 'ಮಹಲ್'ನಲ್ಲಿ ಕಾಮಿನಿ ಅಂದ್ರೆ ಬೇರೆ ಯಾರೂ ಅಲ್ಲ, ಮಾಲಿಯ ಮಗಳು ಆಶಾ, ಜೀವಂತ ಹುಡುಗಿ. ಆ ದೊಡ್ಡ ಮನೆಯ ಯಜಮಾನ ತನ್ನ ಕಡೆ ಒಮ್ಮೆ ತಿರುಗಿ ನೋಡಬೇಕಾದ್ರೆ ಮಾಲಿಯ ಮಗಳಾಗಿದ್ರೆ ಆಗೋದಿಲ್ಲ, ದೆವ್ವವೇ ಆಗಬೇಕು. 'ಮಧುಮತಿ'ಯಲ್ಲಿ ಕೊಲೆಗಾರನ ಬಾಯಿ ಬಿಡಿಸೋಕೆ ಬೇಕಾದದ್ದು ಪೊಲೀಸ್ ಅಲ್ಲ, ಸತ್ತವಳು. ಬದುಕಿದ್ದಾಗ ಯಾರೂ ಕೇಳದ ಸಾಕ್ಷಿಯನ್ನು ಸತ್ತ ಮೇಲೆ ಕೇಳ್ತಾರೆ. ನೀವೆಲ್ಲ ನೋಡಿರೋ 2004ರ 'ಆಪ್ತಮಿತ್ರ' ನೆನಪು ಮಾಡ್ಕೊಳ್ಳಿ. ಬೀಗ ಹಾಕಿದ ಕೋಣೆ, ರಾಜ, ನಾಗವಲ್ಲಿ. ಬಣ್ಣ ಬಂದಿದೆ, ಆದ್ರೆ ಎಲುಬು 1949ರದೇ.

ಇನ್ನೊಂದು ಕಡೆಯೂ ಇದೆ, ಅದನ್ನೂ ಹೇಳಬೇಕು. ಸಿನಿಮಾದಲ್ಲಿ ದೆವ್ವ ಕೊನೆಗೆ ಮನುಷ್ಯ ಅಂತ ಗೊತ್ತಾಗ್ತದೆ, ದೀಪ ಹತ್ತುತ್ತದೆ. ಊರಲ್ಲಿ ಹಾಗಾಗೋದಿಲ್ಲ. ದೆವ್ವ ಬಿಡಿಸ್ತೀವಿ ಅಂತ ಹೆಣ್ಮಕ್ಕಳನ್ನು ಹೊಡಿಯೋದು, ಬರೆ ಹಾಕೋದು ನಿಂತಿಲ್ಲ ಅಂತಲೇ ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿ, ವಾಮಾಚಾರದ ವಿರುದ್ಧ ಕಾಯ್ದೆ ಮಾಡಬೇಕಾಯ್ತು, 2020ರಲ್ಲಿ ಅದು ಜಾರಿಗೆ ಬಂತು. ತೆರೆ ಮೇಲಿನ ಬಿಳಿ ಸೀರೆಗೆ ಹೆದರೋದು ಮಜಾ. ಓಣಿಯ ಬಿಳಿ ಸೀರೆಗೆ ಅದೇ ಹೆದರಿಕೆ ಅಂಟಿಸಿದ್ರೆ ಯಾರೋ ಒಬ್ಬಳು ಸಂಜೆ ಹೊರಗೆ ಬರೋದು ನಿಲ್ತದೆ.

ಸರಿ, ನೋಡೋರಿಗೆ ನನ್ನ ಸಲಹೆ. 'ಮಹಲ್'ನ ಮೊದಲ ಅರ್ಧ ಗಂಟೆ ಸಾಕು, ಆಮೇಲೆ ಕಥೆ ಎಳೀತದೆ, ಮುಚ್ಚಿಡೋದಿಲ್ಲ. ಮೊಬೈಲಿನ ಬ್ರೈಟ್‌ನೆಸ್ ಜಾಸ್ತಿ ಮಾಡಬೇಡಿ, ಕತ್ತಲೆ ಬೂದಿ ಬಣ್ಣ ಆಗಿಬಿಡ್ತದೆ. 1.5 ಸ್ಪೀಡಿನಲ್ಲಂತೂ ನೋಡಲೇಬೇಡಿ, ಆ ನಿಧಾನವೇ ಅದರ ಜೀವ. 'ಮಧುಮತಿ' ಪೂರ್ತಿ ನೋಡಿ.

ಕೊನೆಗೆ ಒಂದು ಮಲಯಾಳಂ ಚಿತ್ರ, 'ಭಾರ್ಗವಿ ನಿಲಯಂ', 1964. ಛಾಯಾಗ್ರಾಹಕ ಎ. ವಿನ್ಸೆಂಟ್ ನಿರ್ದೇಶಿಸಿದ ಮೊದಲ ಸಿನಿಮಾ. ಬರೆದವರು ವೈಕಂ ಮುಹಮ್ಮದ್ ಬಷೀರ್, ತಮ್ಮದೇ 'ನೀಲವೆಳಿಚ್ಚಂ' ಕಥೆಯಿಂದ. ಹೆಸರಿನ ಅರ್ಥ ನೀಲಿ ಬೆಳಕು. ಲೇಖಕನೊಬ್ಬ ಬಾಡಿಗೆ ಮನೆ ಹಿಡೀತಾನೆ, ಅಲ್ಲಿ ಸತ್ತ ಹುಡುಗಿಯ ದೆವ್ವ ಇದೆ ಅಂತ ಊರೇ ಹೇಳ್ತದೆ. ಅವನು ಓಡೋದೂ ಇಲ್ಲ, ಮಂತ್ರವಾದಿಯನ್ನು ಕರೆಸೋದೂ ಇಲ್ಲ. ಅವಳ ಜೊತೆ ಮಾತಾಡ್ತಾನೆ, ಮನೆಯ ಇನ್ನೊಬ್ಬ ಒಕ್ಕಲಿನ ಜೊತೆ ಮಾತಾಡಿದ ಹಾಗೆ. ಬಷೀರರ ಕಥೆಯಲ್ಲಿ ಒಂದು ರಾತ್ರಿ ದೀಪದ ಎಣ್ಣೆ ತೀರ್ತದೆ. ಎಣ್ಣೆ ತರೋಕೆ ಹೊರಗೆ ಹೋಗಿ ವಾಪಸ್ ಬಂದಾಗ ಕೋಣೆ ತುಂಬಾ ನೀಲಿ ಬೆಳಕು. ಕಪ್ಪು-ಬಿಳುಪು ಕಾಲದಲ್ಲಿ ಸಿನಿಮಾ ಮಾಡಿದವರು ಹೆಸರನ್ನೇ ಬದಲಾಯಿಸಿ ಹುಡುಗಿಯ ಹೆಸರಿಟ್ರು. 2023ರಲ್ಲಿ ಅದೇ ಕಥೆಯನ್ನು ಕಲರಿನಲ್ಲಿ ಮತ್ತೆ ಮಾಡಿದಾಗ 'ನೀಲವೆಳಿಚ್ಚಂ' ಅನ್ನೋ ಹೆಸರು ವಾಪಸ್ ಬಂತು. ಎರಡನ್ನೂ ನೋಡಿ, ಯಾವುದರಲ್ಲಿ ನಿಮಗೆ ನೀಲಿ ಜಾಸ್ತಿ ಕಂಡಿತು ಅಂತ ವಾಯ್ಸ್ ನೋಟ್ ಕಳಿಸ್ರಿ. ನನಗಂತೂ ಹಳೇದರಲ್ಲೇ.